ಹದಿನಾರು ವರ್ಣದ ಪ್ರಶ್ನೆಪತ್ರಿಕೆ

ನಮ್ಮ ವಿಮರ್ಶಕರು ಕಾವ್ಯ ಓದುತ್ತಾರೆ, ಕಾದಂಬರಿ ಓದುತ್ತಾರೆ. ಅರ್ಜಿ ನಮೂನೆಗಳನ್ನು ಮಾತ್ರ ಓದುವುದಿಲ್ಲ. ಆದರೆ ಬಡವನ ಬದುಕನ್ನು ಕಾವ್ಯಕ್ಕಿಂತ ಹೆಚ್ಚಾಗಿ ತಿದ್ದುವುದು, ಕೆಡಿಸುವುದು ಈ ನಮೂನೆಗಳೇ. ಅವಕ್ಕೂ ಬರೆದವರಿದ್ದಾರೆ, ಕಾಲವಿದೆ, ವರ್ಗವಿದೆ. ಅವುಗಳ 'ನೀವು' ಅನ್ನುವ ಮಾತಿನ ಹಿಂದೆ ಒಬ್ಬ ಓದುಗನ ಕಲ್ಪನೆಯೂ ಇದೆ. ಅಂಥ ಒಂದು ಕೃತಿಯನ್ನು ಇಲ್ಲಿ ಓದಲು ಹೊರಟಿದ್ದೇನೆ. ಅದರ ಹೆಸರು ಮಯರ್ಸ್-ಬ್ರಿಗ್ಸ್ ಟೈಪ್ ಇಂಡಿಕೇಟರ್. ಮನುಷ್ಯರ ಸ್ವಭಾವವನ್ನು ಅಳೆದು ಹೆಸರಿಡುವ ಪ್ರಶ್ನೆಪತ್ರಿಕೆ ಅದು.

ಇದರ ಕಟ್ಟಡ ಸರಳ. ನೀವು ಬಹಿರ್ಮುಖಿಯೋ ಅಂತರ್ಮುಖಿಯೋ. ಕಣ್ಣಿಗೆ ಕಂಡದ್ದನ್ನು ನಂಬುವವರೋ, ಒಳಗಿನ ಹೊಳಹನ್ನು ನಂಬುವವರೋ. ತರ್ಕದಿಂದ ತೀರ್ಮಾನಿಸುವವರೋ, ಭಾವದಿಂದಲೋ. ಎಲ್ಲವನ್ನೂ ಮೊದಲೇ ಗೊತ್ತುಮಾಡಿಕೊಳ್ಳುವವರೋ, ಬಂದದ್ದನ್ನು ಬಂದ ಹಾಗೆ ನೋಡಿಕೊಳ್ಳುವವರೋ. ಒಂದೊಂದು ಜೋಡಿಯಲ್ಲೂ ಒಂದನ್ನು ಆರಿಸಬೇಕು. ಎರಡು ನಾಲ್ಕಾಗಿ, ನಾಲ್ಕು ಎಂಟಾಗಿ, ಎಂಟು ಹದಿನಾರಾಗುತ್ತದೆ. ಲೋಕದ ಸಮಸ್ತ ನರಮನುಷ್ಯರೂ ಈ ಹದಿನಾರರಲ್ಲಿ ಒಂದು. ಒಂದೊಂದಕ್ಕೂ ನಾಲ್ಕು ಇಂಗ್ಲಿಷ್ ಅಕ್ಷರದ ಹೆಸರು.

ನನಗೆ ಇದರ ಪರಿಚಯವಾದದ್ದು ನಮ್ಮಕ್ಕನ ಮಗನಿಂದ. ಅವನಿಗೆ ಈಗ ಇಪ್ಪತ್ತಾರು. ಕಂಪ್ಯೂಟರಿನಲ್ಲಿ ಡಿಪ್ಲೊಮಾ ಮಾಡಿದ್ದಾನೆ. ಮಾತು ಕಮ್ಮಿ. ಪಂಪ್‌ಸೆಟ್ ಮೋಟಾರಿನ ವೈಂಡಿಂಗ್ ಬಗ್ಗೆ ಮಾತ್ರ ಕೇಳಬೇಡಿ, ಕೇಳಿದರೆ ಊಟದ ಹೊತ್ತು ಮೀರುತ್ತದೆ. ಚಿಕ್ಕವನಿದ್ದಾಗ ಕೇರಿಯ ಹುಡುಗರು 'ಗುಮ್ಮ' ಅಂತಿದ್ದರು. ನಮ್ಮಕ್ಕ ಹೊರದ ಹರಕೆಯಿಲ್ಲ, ಕಟ್ಟಿಸದ ತಾಯತವಿಲ್ಲ. ಶಾಲೆಯಲ್ಲಿ ಮೇಷ್ಟ್ರು ಅವನನ್ನು ಹಿಂದಿನ ಸಾಲಿನಲ್ಲಿ ಕೂರಿಸಿದ್ದು ಕೇರಿಯವನು ಅಂತಲೋ, ಕೂಗಿದರೂ ತಿರುಗಿ ನೋಡದವನು ಅಂತಲೋ, ನಮಗೆ ಇವತ್ತಿಗೂ ಗೊತ್ತಾಗಿಲ್ಲ. ಇಪ್ಪತ್ತನಾಲ್ಕನೇ ವಯಸ್ಸಿನಲ್ಲಿ ಬೆಂಗಳೂರಿನ ಡಾಕ್ಟರೊಬ್ಬರು, ಇದು ಆಟಿಸಂ ಎಂದರು. ಅದಕ್ಕೆ ಎರಡು ವರ್ಷ ಮುಂಚೆಯೇ ಅವನು ಫೋನಿನಲ್ಲಿ ಬಿಟ್ಟಿ ಸಿಗುವ, ಈ ಪ್ರಶ್ನೆಪತ್ರಿಕೆಯ ನಕಲೊಂದನ್ನು ತುಂಬಿ, ಬಂದ ನಾಲ್ಕು ಅಕ್ಷರಗಳನ್ನು ದೊಡ್ಡದಾಗಿ ಬರೆದು ಗೋಡೆಗೆ ಅಂಟಿಸಿಕೊಂಡಿದ್ದ: ಐ, ಎನ್, ಟಿ, ಪಿ.

ಅಕ್ಕ ಅದನ್ನು ನೋಡಿ ಕೇಳಿದಳು: "ಅದ್ಯಾವ ಜಾತಿನೋ ಮಗ ಅದು?"

ಅವನು ನಗಲಿಲ್ಲ. ಸ್ವಲ್ಪ ಹೊತ್ತು ಯೋಚಿಸಿ, "ಜಾತಿ ಅಲ್ಲಮ್ಮ. ಇದರಲ್ಲಿ ಮೇಲು ಕೀಳು ಇಲ್ಲ" ಅಂದ.

ಅಕ್ಕ ಕೇಳಿದ್ದನ್ನೇ ನಾನು ವಿಮರ್ಶೆಯ ಪ್ರಶ್ನೆಯನ್ನಾಗಿ ಇಟ್ಟುಕೊಂಡಿದ್ದೇನೆ. ಅವನು ಹೇಳಿದ ಉತ್ತರವೇ ಈ ಕೃತಿ ತನ್ನ ಓದುಗನಿಗೆ ಕೊಡುವ ದೊಡ್ಡ ಭರವಸೆ. ಹದಿನಾರೂ ಒಳ್ಳೆಯವೇ, ಎಲ್ಲರಿಗೂ ಒಂದೊಂದು ವರವಿದೆ ಎನ್ನುತ್ತದೆ ಅದು. ಇಸಾಬೆಲ್ ಬ್ರಿಗ್ಸ್ ಮಯರ್ಸ್ ತಮ್ಮ ಸಿದ್ಧಾಂತ ವಿವರಿಸಿ ಬರೆದ, 1980ರಲ್ಲಿ ಪ್ರಕಟವಾದ ಪುಸ್ತಕದ ಹೆಸರೇ 'ಗಿಫ್ಟ್ಸ್ ಡಿಫರಿಂಗ್'. ಯಾರನ್ನೂ ನೋಯಿಸದ ವಿಂಗಡಣೆ. ನಮ್ಮಂಥವರಿಗೆ ಇಲ್ಲೇ ಅನುಮಾನ ಹುಟ್ಟಬೇಕು. ವಿಂಗಡಿಸಿದವರೆಲ್ಲ ಇದೇ ಮಾತು ಹೇಳಿಕೊಂಡೇ ಬಂದಿದ್ದಾರೆ.

ಇದನ್ನು ಕಟ್ಟಿದವರು ತಾಯಿ, ಮಗಳು. ತಾಯಿ ಕ್ಯಾಥರಿನ್ ಕುಕ್ ಬ್ರಿಗ್ಸ್, ಮಗಳು ಇಸಾಬೆಲ್. ಇಬ್ಬರೂ ಮನಶ್ಶಾಸ್ತ್ರ ಓದಿದವರಲ್ಲ. ಅದನ್ನೇ ಹಿಡಿದು ಹಂಗಿಸುವವರಿದ್ದಾರೆ. ನಾನು ಹಂಗಿಸುವುದಿಲ್ಲ. ವಿದ್ವತ್ತು ಪದವಿಯಿಂದಲೇ ಬರಬೇಕೆಂಬುದು ಪುರೋಹಿತರ ಮಾತು. ಸ್ವಿಟ್ಜರ್ಲೆಂಡಿನ ಕಾರ್ಲ್ ಯೂಂಗ್ 1921ರಲ್ಲಿ ಬರೆದ ಮಾನಸಿಕ ಮಾದರಿಗಳ ಗ್ರಂಥವನ್ನು ತಾಯಿ ವೇದದ ಹಾಗೆ ಹಿಡಿದುಕೊಂಡರು. ಮಗಳು ಅದನ್ನು ಪ್ರಶ್ನೆ-ಉತ್ತರದ ಕಾಗದವಾಗಿ ಇಳಿಸಿದರು. ಎರಡನೇ ಮಹಾಯುದ್ಧದ ಕಾಲ. ಗಂಡಸರು ಯುದ್ಧಕ್ಕೆ ಹೋಗಿದ್ದರು. ಕಾರ್ಖಾನೆ, ಕಚೇರಿಗಳಿಗೆ ಹೊಸದಾಗಿ ಬಂದ ಹೆಂಗಸರಿಗೆ ತಕ್ಕ ಕೆಲಸ ಹುಡುಕಿಕೊಡಬೇಕೆಂಬ ಸದಾಶಯದಿಂದ 1942-44ರ ನಡುವೆ ಮೊದಲ ಪ್ರತಿಗಳು ತಯಾರಾದವು. 1962ರಲ್ಲಿ ಪ್ರಿನ್ಸ್‌ಟನ್ನಿನ ಎಜುಕೇಶನಲ್ ಟೆಸ್ಟಿಂಗ್ ಸರ್ವಿಸ್ ಅದನ್ನು ಪ್ರಕಟಿಸಿತು. 1975ರಲ್ಲಿ ಬೇರೊಂದು ಪ್ರಕಾಶನದ ಕೈಗೆ ಹೋಯಿತು. ಅಲ್ಲಿಂದಾಚೆ ಅದು ವ್ಯಾಪಾರ.

ಇಸಾಬೆಲ್ ಅದಕ್ಕೂ ಮೊದಲು ಪತ್ತೇದಾರಿ ಕಾದಂಬರಿಗಾರ್ತಿ. 1934ರ ಅವರ ಎರಡನೇ ಕಾದಂಬರಿ 'ಗಿವ್ ಮಿ ಡೆತ್'. ಅಮೆರಿಕದ ದಕ್ಷಿಣ ಭಾಗದ ದೊಡ್ಡ ಮನೆತನವೊಂದಕ್ಕೆ ತಮ್ಮ ರಕ್ತದಲ್ಲಿ ಕರಿಯರ ರಕ್ತ ಬೆರೆತಿದೆ ಎಂಬ ಸುದ್ದಿ ತಿಳಿಯುತ್ತದೆ. ಆ ಕಾರಣಕ್ಕೆ ಮನೆಯವರು ಆತ್ಮಹತ್ಯೆಗೆ ಇಳಿಯುತ್ತಾರೆ. ಇದು ಅದರ ಹೂರಣ. ಕಾದಂಬರಿಯ ಪಾಪವನ್ನು ಪ್ರಶ್ನೆಪತ್ರಿಕೆಯ ತಲೆಗೆ ಕಟ್ಟಬಾರದು ಎನ್ನಬಹುದು. ಕಟ್ಟುವುದಿಲ್ಲ. ಆದರೆ ಎರಡರ ಕೆಳಗೂ ಒಂದೇ ನಂಬಿಕೆ ಹರಿಯುತ್ತಿದೆ ಎಂಬುದನ್ನು ಹೇಳದೆ ಬಿಡಲಾರೆ: ಮನುಷ್ಯ ಏನೆಂಬುದು ಅವನು ಹುಟ್ಟುವಾಗಲೇ ಗೊತ್ತಾಗಿರುತ್ತದೆ, ಬದುಕು ಅದನ್ನು ಬಯಲು ಮಾಡುತ್ತದೆ ಅಷ್ಟೆ. ಟೈಪು ಹುಟ್ಟಿನಿಂದ ಬಂದದ್ದು, ಸಾಯುವವರೆಗೂ ಬದಲಾಗದು ಎಂಬುದು ಇಸಾಬೆಲ್ ಸಿದ್ಧಾಂತದ ತಳಪಾಯ. ತಮಾಷೆಯೆಂದರೆ ಅದೇ ಮನುಷ್ಯನಿಗೆ ಕೆಲವೇ ವಾರ ಬಿಟ್ಟು ಅದೇ ಪರೀಕ್ಷೆ ಕೊಟ್ಟರೆ ಬಹಳ ಜನರ ಅಕ್ಷರ ಬದಲಾಗಿರುತ್ತದೆ. ಉದ್ಯೋಗ ಮಾರ್ಗದರ್ಶನಕ್ಕೆ ಇದನ್ನು ಬಳಸುವುದನ್ನು ಸಮರ್ಥಿಸಲು ಸಾಕಷ್ಟು ಪುರಾವೆಯಿಲ್ಲ ಎಂದು ಅಮೆರಿಕದ ನ್ಯಾಷನಲ್ ರಿಸರ್ಚ್ ಕೌನ್ಸಿಲ್ 1991ರಲ್ಲೇ ಹೇಳಿತು. ಯೂಂಗ್ ಕೂಡ ತಮ್ಮ ಪುಸ್ತಕವನ್ನು ಜನರ ಮೇಲೆ ಚೀಟಿ ಅಂಟಿಸಲು ಬಳಸುವುದನ್ನು ಮಕ್ಕಳಾಟವೆಂದೇ ಕರೆದಿದ್ದರು. ಇರಲಿ. ವಿಜ್ಞಾನ ಸುಳ್ಳೆಂದದ್ದೆಲ್ಲ ಸಾಯುವುದಾದರೆ ನಮ್ಮೂರಲ್ಲಿ ಪಂಚಾಂಗ ಎಂದೋ ಸಾಯಬೇಕಿತ್ತು.

ಇನ್ನು ಆಟಿಸಂಗೆ ಬರುತ್ತೇನೆ. ಇವೆರಡನ್ನೂ ನಾನೇ ತಂದು ಒಂದೆಡೆ ಕಟ್ಟಿದ್ದಲ್ಲ. ಹುಟ್ಟಿದ ಮನೆಯೇ ಒಂದು. ಜ್ಯೂರಿಕ್ ನಗರದ ಬುರ್ಗ್‌ಹೋಲ್ಜ್ಲಿ ಎಂಬ ಮಾನಸಿಕ ಆಸ್ಪತ್ರೆ. ಅಲ್ಲಿ ಮುಖ್ಯಸ್ಥರಾಗಿದ್ದವರು ಯೂಜೆನ್ ಬ್ಲಾಯ್ಲರ್. 1900ರ ಕೊನೆಯಿಂದ 1909ರವರೆಗೆ ಅವರ ಕೈಕೆಳಗೆ ದುಡಿದ ಡಾಕ್ಟರು ಯೂಂಗ್. ಹೊರಗಿನ ಲೋಕದಿಂದ ಒಳಕ್ಕೆ ಸರಿದ ರೋಗಿಗಳ ಸ್ಥಿತಿಗೆ ಬ್ಲಾಯ್ಲರ್ ಇಟ್ಟ ಹೆಸರು 'ಆಟಿಸಂ'. 1911ರ ಅವರ ದೊಡ್ಡ ಗ್ರಂಥದಲ್ಲಿ ಅದರ ವಿವರಣೆಯಿದೆ. ಹೆಚ್ಚುಕಡಿಮೆ ಅದೇ ವರ್ಷಗಳಲ್ಲಿ ಯೂಂಗ್ 'ಅಂತರ್ಮುಖತೆ' ಎಂಬ ಮಾತನ್ನು ಬಳಕೆಗೆ ತಂದರು. ಒಂದೇ ವಾರ್ಡಿನ ರೋಗಿಗಳ ಮುಂದೆ ಹುಟ್ಟಿದ ಎರಡು ಮಾತುಗಳಿವು. ಆಮೇಲೆ ಒಂದು ಮಾತು ರೋಗದ ಹೆಸರಾಗಿ ಆಸ್ಪತ್ರೆಯಲ್ಲೇ ಉಳಿಯಿತು. ಇನ್ನೊಂದು ಕೋಟು ತೊಟ್ಟು ಆಫೀಸಿಗೆ ಹೋಯಿತು. (ನಮ್ಮ ನವ್ಯರ ಕಥಾನಾಯಕರೂ ಈ ಎರಡನೆಯದರ ನೆಂಟರೇ. ಮೇಲುಜಾತಿಯ ಹುಡುಗ ಒಬ್ಬನೇ ಕೂತು ಯೋಚಿಸಿದರೆ ಅಂತರ್ಮುಖಿ. ಕೇರಿಯ ಹುಡುಗ ಒಬ್ಬನೇ ಕೂತರೆ ಗುಮ್ಮ.)

ಮತ್ತೆ ನೋಡಿ: ಇಸಾಬೆಲ್ ತಮ್ಮ ಪ್ರಶ್ನೆಗಳನ್ನು ಜೋಡಿಸುತ್ತಿದ್ದ ಕಾಲದಲ್ಲೇ, 1943ರಲ್ಲಿ, ಬಾಲ್ಟಿಮೋರಿನ ಲಿಯೋ ಕ್ಯಾನರ್ ಹನ್ನೊಂದು ಮಕ್ಕಳ ಬಗ್ಗೆ ಬರೆದು ಆಟಿಸಂ ಎಂಬ ಮಾತಿಗೆ ಈಗಿನ ಅರ್ಥಕ್ಕೆ ಹತ್ತಿರವಾದ ಅರ್ಥ ಕೊಟ್ಟರು. ಆ ಮಕ್ಕಳ ಅಪ್ಪ-ಅಮ್ಮಂದಿರು ಹೆಚ್ಚಿನವರು ಓದಿ ಮೇಲೆ ಬಂದವರು ಎಂದು ಅವರೇ ಗುರುತಿಸಿದ್ದಾರೆ. ಇದರಿಂದ ಆಟಿಸಂ ಬುದ್ಧಿವಂತರ ಮನೆಯ ಕಾಯಿಲೆ ಎಂಬ ಮಾತು ಬಹಳ ಕಾಲ ಓಡಾಡಿತು. 1980ರಲ್ಲಿ ಲಂಡನ್ನಿನ ಲೋರ್ನಾ ವಿಂಗ್ ಈ ಗಂಟನ್ನು ಬಿಚ್ಚಿದರು. ಕಾಯಿಲೆ ವರ್ಗ ನೋಡಿ ಬರುವುದಿಲ್ಲ. ದೊಡ್ಡ ಡಾಕ್ಟರ ಬಾಗಿಲಿಗೆ ಹೋಗುವ ದಾರಿ ವರ್ಗ ನೋಡಿ ತೆರೆಯುತ್ತದೆ. ಇತ್ತ ವಿಯೆನ್ನಾದಲ್ಲಿ 1944ರಲ್ಲಿ ಇಂಥದೇ ಮಕ್ಕಳ ಬಗ್ಗೆ ಬರೆದ ಹಾನ್ಸ್ ಆಸ್ಪರ್ಗರ್, ಕೆಲವು ಮಕ್ಕಳಲ್ಲಿ ಪ್ರತಿಭೆ ಕಂಡು ಹೊಗಳಿದರು. ಬೇರೆ ಕೆಲವು ಅಂಗವಿಕಲ ಮಕ್ಕಳನ್ನು ನಾಜಿಗಳ ಕೊಲೆಮನೆಯಾಗಿದ್ದ ಶ್ಪೀಗೆಲ್‌ಗ್ರುಂಡಿಗೆ ಕಳಿಸಿದರು. 2018ರಲ್ಲಿ ಹೆರ್ವಿಗ್ ಚೆಕ್ ಎಂಬ ಚರಿತ್ರೆಕಾರರು ದಾಖಲೆ ಸಮೇತ ಇದನ್ನು ಹೊರಗಿಟ್ಟರು. ವರವುಳ್ಳವರು, ವರವಿಲ್ಲದವರು ಎಂದು ವಿಂಗಡಿಸುವ ಕೈ ಎಲ್ಲಿಯವರೆಗೆ ಹೋಗಬಲ್ಲದು ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಕನ್ನಡದಲ್ಲಿ ಆಟಿಸಂಗೆ 'ಸ್ವಲೀನತೆ' ಎಂದು ಅನುವಾದ ಮಾಡಿದ್ದಾರೆ. ತನ್ನಲ್ಲಿ ತಾನೇ ಲೀನವಾದವನು! ಬೆಟ್ಟದ ಮೇಲಿನ ಯೋಗಿಯ ಹಾಗೆ ಕೇಳಿಸುತ್ತದೆ. ನಮ್ಮ ಹುಡುಗ ತನ್ನಲ್ಲಿ ಲೀನನಾಗಿಲ್ಲ, ಮೋಟಾರಿನಲ್ಲಿ ಲೀನನಾಗಿದ್ದಾನೆ. ನಾನು ಆಟಿಸಂ ಅಂತಲೇ ಬರೆಯುತ್ತೇನೆ.

ಈಗ ಪ್ರಶ್ನೆಪತ್ರಿಕೆಯ ಎದುರು ಅವನನ್ನು ಕೂರಿಸೋಣ. ನಾನು ಕೂರಿಸಿಯೇ ನೋಡಿದೆ. ಜನ ಸೇರಿದ ಕಡೆ ನೀವು ಎಲ್ಲರೊಂದಿಗೂ ಮಾತಾಡುತ್ತೀರೋ, ಗೊತ್ತಿದ್ದವರೊಂದಿಗೆ ಮಾತ್ರವೋ ಎಂಬಂಥ ಪ್ರಶ್ನೆ. ನಾನಾದರೆ ಒಂದು ಕ್ಷಣದಲ್ಲಿ ಗುರುತು ಹಾಕಿ ಮುಂದೆ ಹೋಗುತ್ತೇನೆ. ಅವನು ಪೆನ್ನು ಹಿಡಿದು ಕೂತುಬಿಟ್ಟ.

"ಯಾವ ಜನ ಮಾವ? ಎಲ್ಲಿ ಸೇರಿರೋದು?"

"ಸಾಮಾನ್ಯವಾಗಿ ಅಂತ ಕಣಪ್ಪ."

"ಸಾಮಾನ್ಯವಾಗಿ ಅನ್ನೋ ಜಾಗ ಎಲ್ಲಿದೆ?"

ಪ್ರಶ್ನೆಪತ್ರಿಕೆಗೆ ಇಷ್ಟು ಒಳ್ಳೆಯ ವಿಮರ್ಶೆಯನ್ನು ನಾನು ಬೇರೆಲ್ಲೂ ಕೇಳಿಲ್ಲ. ಆ 'ಸಾಮಾನ್ಯವಾಗಿ' ಎಂಬ ಜಾಗದಲ್ಲಿ ವಾಸವಾಗಿರುವವರು ಯಾರು? ಎಲ್ಲಿ ಹೋದರೂ ತಾನು ತಾನಾಗಿಯೇ ಇರಬಲ್ಲವನು. ಯಾರ ಅಂಗಳದಲ್ಲೂ ದನಿ ತಗ್ಗಿಸಬೇಕಿಲ್ಲದವನು. ನಮ್ಮಕ್ಕನನ್ನೇ ತೆಗೆದುಕೊಳ್ಳಿ. ನಾಟಿ ಗದ್ದೆಯಲ್ಲಿ ಅವಳ ಹಾಡು, ಅವಳ ಬಾಯಿ ಮೂರು ಗದ್ದೆಯಾಚೆ ಕೇಳುತ್ತದೆ. ಅದೇ ಅಕ್ಕ ಗೌಡರ ಅಂಗಳದಲ್ಲಿ ಕೂಲಿಗೆ ನಿಂತರೆ ಸೆರಗು ಬಾಯಿಗೆ ಬರುತ್ತದೆ, ಮಾತು ಹೊರಡುವುದಿಲ್ಲ. ಅವಳು ಯಾವ ಮುಖಿ? ಅಂಗಳದ ಮೌನ ಅವಳ ಸ್ವಭಾವವಲ್ಲ, ಅಂಗಳದ ಸ್ವಭಾವ.

ಆಟಿಸಂ ಇರುವವರ ಮೌನದಲ್ಲೂ ಇಂಥದೊಂದು ಪಾಲಿದೆ. ಸ್ವತಃ ಆಟಿಸಂ ಇರುವ ಡೇಮಿಯನ್ ಮಿಲ್ಟನ್ ಎಂಬ ಇಂಗ್ಲೆಂಡಿನ ಸಮಾಜಶಾಸ್ತ್ರಜ್ಞರು 2012ರಲ್ಲಿ ಈ ಮಾತನ್ನು ಎತ್ತಿದರು. ಇವರಿಗೆ ಪರರ ಮನಸ್ಸು ತಿಳಿಯುವುದಿಲ್ಲ ಎನ್ನುತ್ತೀರಲ್ಲ, ನಿಮಗೆ ಇವರ ಮನಸ್ಸು ತಿಳಿಯುತ್ತದೆಯೇ? ತಿಳಿಯದಿರುವುದು ಎರಡೂ ಕಡೆ. ಆದರೆ ರೋಗದ ಚೀಟಿ ಒಂದೇ ಕಡೆಗೆ. 2020ರಲ್ಲಿ ಕ್ಯಾಥರಿನ್ ಕ್ರಾಂಪ್ಟನ್ ಮತ್ತು ಜೊತೆಗಾರರು ಒಂದು ಪ್ರಯೋಗ ಪ್ರಕಟಿಸಿದರು. ಎಂಟೆಂಟು ಜನರ ಸಾಲು ಮಾಡಿ, ಒಬ್ಬರಿಂದ ಒಬ್ಬರಿಗೆ ಕಥೆ ದಾಟಿಸುವುದು. ಎಲ್ಲರೂ ಆಟಿಸಂ ಇರುವವರೇ ಆದ ಸಾಲಿನಲ್ಲಿ ಕಥೆ ಉಳಿದಷ್ಟೇ, ಆಟಿಸಂ ಇಲ್ಲದವರ ಸಾಲಿನಲ್ಲೂ ಉಳಿಯಿತು. ಇಬ್ಬರನ್ನೂ ಬೆರೆಸಿದ ಸಾಲಿನಲ್ಲೇ ಹೆಚ್ಚು ಸೋರಿಹೋದದ್ದು. ಅಂದಮೇಲೆ ಕೊರತೆ ಮನುಷ್ಯನೊಳಗೆ ಇಲ್ಲ, ಇಬ್ಬರ ನಡುವೆ ಇದೆ. ಟೈಪು ಪರೀಕ್ಷೆ ಈ ನಡುವಿನ ಜಾಗವನ್ನು ನೋಡಲಾರದು. ಅದರ ಮುಂದೆ ಇರುವುದು ಒಬ್ಬ ಮನುಷ್ಯ, ಒಂದು ಪೆನ್ನು.

ಇಷ್ಟು ಬರೆದು ನಾನು ಹಿಗ್ಗಬಾರದು. ನಮ್ಮ ಚಳವಳಿಯವರಿಗೆ ಒಂದು ರೂಢಿಯಿದೆ: ಎಲ್ಲವನ್ನೂ ವ್ಯವಸ್ಥೆಯ ತಲೆಗೆ ಕಟ್ಟಿ ಕೈತೊಳೆದುಕೊಳ್ಳುವುದು. ಈ ಹುಡುಗನ ಮೌನ ಪೂರ್ತಾ ಅಂಗಳದ್ದಲ್ಲ. ಅವನ ಮೈಯದೂ ಹೌದು. ಮದುವೆ ಮನೆಯ ವಾಲಗದ ಸದ್ದಿಗೆ ಅವನು ಕಿವಿ ಮುಚ್ಚಿ ಹಟ್ಟಿಯ ಹಿಂದಕ್ಕೆ ಓಡುತ್ತಾನೆ. ಆ ವಾಲಗ ನಮ್ಮದೇ. ನಮ್ಮ ಸಭೆಗೂ ಬಂದಿದ್ದ. ತಮಟೆ ಬಡಿಯಲು ಶುರುವಾಗುತ್ತಿದ್ದಂತೆ ಎದ್ದು ಹೋದ. ಗೆಳೆಯರೊಬ್ಬರು "ಏನಯ್ಯ, ನಿನ್ನ ಹುಡುಗನಿಗೆ ತಮಟೆ ಅಂದ್ರೆ ನಾಚಿಕೆಯಾ?" ಅಂದರು. ನಾನು ಉತ್ತರ ಕೊಡಲಿಲ್ಲ, ಕೊಡಬೇಕಿತ್ತು. ಕ್ರಾಂತಿಯಾದ ಮಾರನೇ ದಿನವೂ ಟ್ಯೂಬ್‌ಲೈಟಿನ ಗುಂಯ್ ಸದ್ದು ಅವನ ತಲೆಯನ್ನು ಕೊರೆಯುತ್ತಲೇ ಇರುತ್ತದೆ. ನಮ್ಮ ಪದ್ಯಗಳನ್ನೂ ತಿರುವಿ ನೋಡಿ. ಆಳುವವರನ್ನು ಬೈಯಲು ನಮಗೆ ಸಿಕ್ಕಿದ್ದು ಕುರುಡ, ಕಿವುಡ, ಮೂಗ, ಹುಚ್ಚ ಎಂಬ ಮಾತುಗಳೇ. ನಮ್ಮ ಜಾತಿಯ ಹೆಸರನ್ನು ಬೈಗುಳ ಮಾಡಿದವರ ಮೇಲೆ ನಾವು ಎಷ್ಟು ಸಿಟ್ಟಾಗಿದ್ದೇವೆ!

ಆದ್ದರಿಂದಲೇ ಅವನು ಗೋಡೆಗೆ ಆ ನಾಲ್ಕು ಅಕ್ಷರ ಅಂಟಿಸಿಕೊಂಡದ್ದನ್ನು ನಾನು ಬರೀ ಮೋಸ ಎನ್ನಲಾರೆ. ಇಪ್ಪತ್ತೆರಡು ವರ್ಷ ಗುಮ್ಮ ಅನ್ನಿಸಿಕೊಂಡವನಿಗೆ, ನೀನೊಂದು ಬಗೆ, ನಿನ್ನಂಥವರು ಲೋಕದಲ್ಲಿ ಇದ್ದಾರೆ ಎಂದು ಮೊದಲ ಸಲ ಹೇಳಿದ್ದು ಆ ಕಾಗದ. ನಾನು ಹೇಳಿರಲಿಲ್ಲ. ಬೇರೆಯವರು ಬೇರೆ ರೀತಿ ಯೋಚಿಸುತ್ತಾರೆ ಎಂಬುದನ್ನು ಬಿಡಿಸಿ, ನಿಯಮದ ಹಾಗೆ ಬರೆದುಕೊಟ್ಟದ್ದೂ ಅದೇ. "ನಮ್ಮಮ್ಮ ಎಫ್ ಮಾವ. ಅದಕ್ಕೇ ಕಾರಣ ಹೇಳಿದ್ರೆ ಸಮಾಧಾನ ಆಗಲ್ಲ" ಅಂದ ಒಂದು ದಿನ. ಅವತ್ತಿನಿಂದ ಅವಳು ಅಳುವಾಗ ಕಾರಣ ಹೇಳುವುದನ್ನು ಬಿಟ್ಟು ಪಕ್ಕದಲ್ಲಿ ಕೂರುತ್ತಾನೆ. ಇದು ಸಣ್ಣ ಉಪಯೋಗವೇನಲ್ಲ. ಆಟಿಸಂ ಇರುವ ಎಷ್ಟೋ ಜನ ಈ ಅಕ್ಷರಗಳಿಗೆ ಅಂಟಿಕೊಳ್ಳುವುದು ಯಾಕೆಂದು ನನಗೆ ಆಗ ಅರ್ಥವಾಯಿತು.

ತಕರಾರು ಇರುವುದು ಆಮೇಲಿನದರಲ್ಲಿ. ಆ ಕಾಗದ ಅವನ ಕಷ್ಟವನ್ನು 'ಒಲವು' ಎಂದು ಕರೆಯುತ್ತದೆ. ಎಡಗೈಯಲ್ಲಿ ಬರೆಯುವ ಹಾಗೆ, ಸಿಹಿಗಿಂತ ಖಾರ ಮೆಚ್ಚುವ ಹಾಗೆ. ಒಲವಾದರೆ ಬೇಕಾದಾಗ ಬಿಡಬಹುದು. ಸದ್ದು ತಡೆಯಲಾರದವನಿಗೆ ಸದ್ದಿಲ್ಲದ ಮೂಲೆ ಕೊಡಿ ಎಂದು ಒಲವಿನ ಹೆಸರಿನಲ್ಲಿ ಯಾರೂ ಕೇಳಲಾಗುವುದಿಲ್ಲ. ಮೇಲು ಕೀಳಿಲ್ಲದ ಹೆಸರು ಅದು, ಹೌದು. ಹಕ್ಕೂ ಇಲ್ಲದ ಹೆಸರು.

ಅಂಬೇಡ್ಕರ್ 1936ರ 'ಜಾತಿ ವಿನಾಶ'ದಲ್ಲಿ ಪ್ಲೇಟೋನನ್ನು ಎದುರಿಸುವ ಜಾಗವನ್ನು ಮತ್ತೆ ಓದಬೇಕು. ಗುಣಕ್ಕೆ ತಕ್ಕ ವರ್ಣ, ಹುಟ್ಟಿನಿಂದಲ್ಲ ಎಂದು ಆರ್ಯಸಮಾಜದವರು ವಾದಿಸುತ್ತಿದ್ದ ಕಾಲ. ಸರಿ, ಗುಣದಿಂದಲೇ ಅಂತ ಇಟ್ಟುಕೊಳ್ಳಿ, ಆಗಲೂ ನಿಮ್ಮ ಲೆಕ್ಕ ತಪ್ಪು ಎಂದರು ಬಾಬಾಸಾಹೇಬರು. ಪ್ಲೇಟೋ ಮನುಷ್ಯರನ್ನು ಮೂರು ಬಗೆ ಮಾಡಿದ. ಒಬ್ಬೊಬ್ಬ ಮನುಷ್ಯನೂ ಇನ್ನೊಬ್ಬನಿಗೆ ಅಳತೆಗೆ ಸಿಗದಷ್ಟು ಬೇರೆ ಎಂಬುದು ಅವನಿಗೆ ಹೊಳೆಯಲಿಲ್ಲ. ಮನುಷ್ಯನೊಳಗಿನ ಒಲವುಗಳು ಲೆಕ್ಕವಿಲ್ಲದಷ್ಟು, ಅವನ್ನು ಕೆಲವೇ ದೊಡ್ಡಿಗಳಲ್ಲಿ ಕೂಡಿಹಾಕಲಾಗದು. ಇದು ಅವರ ವಾದದ ಸಾರ. ಮೂರು ಇದ್ದದ್ದು ನಾಲ್ಕಾದರೂ, ನಾಲ್ಕು ಹದಿನಾರಾದರೂ ಈ ವಾದ ಹಾಗೇ ನಿಲ್ಲುತ್ತದೆ. ಆಟಿಸಂ ಇರುವ ಒಬ್ಬನಂತೆ ಇನ್ನೊಬ್ಬನಿಲ್ಲ ಎಂಬುದಂತೂ ಅವರನ್ನು ಹತ್ತಿರದಿಂದ ಬಲ್ಲ ಯಾರಿಗಾದರೂ ಗೊತ್ತು.

ಗೋಡೆಯ ಮೇಲಿನ ಅಕ್ಷರ ಗೋಡೆಯ ಮೇಲೇ ಇದ್ದಿದ್ದರೆ ನಾನು ಈ ಲೇಖನ ಬರೆಯುತ್ತಿರಲಿಲ್ಲ. ಅದು ಬಾಗಿಲಿಗೆ ಬಂದು ಕೂತಿದೆ. ಮಯರ್ಸ್-ಬ್ರಿಗ್ಸ್ ಮಾರುವ ಕಂಪನಿಯೇ, ಕೆಲಸಕ್ಕೆ ಆಳು ಆರಿಸಲು ಇದನ್ನು ಬಳಸಬೇಡಿ ಎನ್ನುತ್ತದೆ. ಒಳ್ಳೆಯದು. ಆದರೆ ಅದರ ದಾಯಾದಿಗಳಿಗೆ ಆ ಸಂಕೋಚವಿಲ್ಲ. ಅಮೆರಿಕದಲ್ಲಿ ಇನ್ನೊಂದು ಹಳೆಯ ವ್ಯಕ್ತಿತ್ವ ಪರೀಕ್ಷೆಯನ್ನು ಬಡ್ತಿಗೆ ಬಳಸಿದ ಬಾಡಿಗೆ ಸಾಮಾನಿನ ಕಂಪನಿಯೊಂದರ ವಿರುದ್ಧ ಚಿಕಾಗೋದ ಮೇಲ್ಮನವಿ ನ್ಯಾಯಾಲಯ 2005ರಲ್ಲಿ ತೀರ್ಪು ಕೊಟ್ಟಿತು: ಇದು ವೈದ್ಯಕೀಯ ಪರೀಕ್ಷೆ, ಅಂಗವಿಕಲರ ಕಾನೂನಿಗೆ ವಿರುದ್ಧ. 2024ರಲ್ಲಿ ಅಲ್ಲಿಯ ನಾಗರಿಕ ಹಕ್ಕುಗಳ ಸಂಘಟನೆ ಎಸಿಎಲ್‌ಯು, ಏಆನ್ ಎಂಬ ಕಂಪನಿ ಮಾರುವ ವ್ಯಕ್ತಿತ್ವ ಪರೀಕ್ಷೆಯ ಮೇಲೆ ಸರ್ಕಾರಕ್ಕೆ ದೂರು ಕೊಟ್ಟಿತು. ಉತ್ಸಾಹ, ಲವಲವಿಕೆ, ಪರರ ಭಾವ ಅರಿಯುವುದು ಎಂದೆಲ್ಲ ಅಳೆಯುವ ಹೆಸರಿನಲ್ಲಿ ಅದು ಆಟಿಸಂ ಇರುವವರನ್ನು ಸೋಸಿ ಹಾಕುತ್ತದೆ, ಪಕ್ಷಪಾತವಿಲ್ಲ ಎಂದು ಸುಳ್ಳು ಹೇಳಿ ಮಾರುತ್ತದೆ ಎಂಬುದು ಆರೋಪ.

ನಮ್ಮ ಹುಡುಗನೂ ಅಂಥದೇ ಜರಡಿಯಲ್ಲಿ ಸೋಸಿಹೋದವನು. ಗೋದಾಮಿನಲ್ಲಿ ಸಾಮಾನಿನ ಲೆಕ್ಕ ಕಂಪ್ಯೂಟರಿಗೆ ಏರಿಸುವ ಕೆಲಸ. ಕಂಪನಿಯ ಹೆಸರು ಬೇಡ. ಲೆಕ್ಕದ ಪರೀಕ್ಷೆಯಲ್ಲಿ ಒಂದು ತಪ್ಪೂ ಇರಲಿಲ್ಲ. ಆಮೇಲೆ ವ್ಯಕ್ತಿತ್ವದ ಪರೀಕ್ಷೆ. ಹೊಸಬರ ಪರಿಚಯ ಮಾಡಿಕೊಳ್ಳುವುದು ನಿಮಗೆ ಸಂತೋಷ ಕೊಡುತ್ತದೆಯೇ ಎಂಬಂಥ ಮಾತುಗಳು, ಒಪ್ಪುತ್ತೇನೆ, ಒಪ್ಪುವುದಿಲ್ಲ. ಬೇರೆ ಹುಡುಗರು ಯಾವ ಉತ್ತರ ಬೇಕೆಂದು ತಿಳಿದು ಬರೆದರು. ಇವನು ನಿಜ ಬರೆದ. ಈ ಹುದ್ದೆಗೆ ನಿಮ್ಮ ವ್ಯಕ್ತಿತ್ವ ಹೊಂದುವುದಿಲ್ಲ ಎಂದು ಎರಡು ಸಾಲಿನ ಉತ್ತರ ಬಂತು. ಜಾತಿ ಕೇಳಿ ಕಳಿಸಿದ್ದರೆ ಕೇಸು ಹಾಕಬಹುದೇ ಎಂದು ಯಾರನ್ನಾದರೂ ವಿಚಾರಿಸಬಹುದಿತ್ತು. ವ್ಯಕ್ತಿತ್ವ ಕೇಳಿ ಕಳಿಸಿದರೆ ಯಾವ ಸ್ಟೇಷನ್ನಿಗೆ ಹೋಗುವುದು? "ನಿಜ ಬರೀಬಾರದಿತ್ತಾ ಮಾವ?" ಅಂತ ಮೂರು ದಿನ ಕೇಳಿದ.

ಈ ದೇಶದಲ್ಲಿ 1999ರ ನ್ಯಾಷನಲ್ ಟ್ರಸ್ಟ್ ಕಾಯಿದೆಯಲ್ಲಿ ಆಟಿಸಂನ ಹೆಸರು ಬಂತು. 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯ ಇಪ್ಪತ್ತೊಂದು ಅಂಗವೈಕಲ್ಯಗಳಲ್ಲಿ ಅದೂ ಒಂದು. ಸರ್ಕಾರಿ ಹುದ್ದೆಗಳಲ್ಲಿ ಅಂಗವಿಕಲರಿಗೆ ಇಟ್ಟ ಶೇಕಡಾ 4ರಲ್ಲಿ ಶೇಕಡಾ 1, ಆಟಿಸಂ, ಬುದ್ಧಿ ಬೆಳವಣಿಗೆಯ ತೊಂದರೆ, ಕಲಿಕೆಯ ತೊಂದರೆ, ಮಾನಸಿಕ ಕಾಯಿಲೆ ಇರುವವರಿಗೆಲ್ಲ ಸೇರಿ. ಅದಕ್ಕೆ ಸರ್ಟಿಫಿಕೇಟು ಬೇಕು. ಸರ್ಟಿಫಿಕೇಟಿಗೆ ಮತ್ತೊಂದು ಪ್ರಶ್ನೆಪತ್ರಿಕೆ: 2016ರಲ್ಲಿ ಸರ್ಕಾರ ಗೊತ್ತುಮಾಡಿದ ಭಾರತೀಯ ಮಾಪಕ, ನಲವತ್ತು ಅಂಶಗಳದ್ದು, ಒಂದೊಂದಕ್ಕೂ ಒಂದರಿಂದ ಐದು ಅಂಕ. ಇದನ್ನೂ ಹೊಗಳಲಾರೆ. ಮನುಷ್ಯನ ಕೊರತೆಯನ್ನೇ ಎಣಿಸುವ ಕಾಗದ ಇದು. ವರದ ಮಾತೇ ಇಲ್ಲ. ಆದರೂ ಇದರ ಕೆಳಗೆ ಬೀಳುವ ಮೊಹರಿಗೆ ಒಂದು ಬೆಲೆಯಿದೆ. ಜಾತಿ ಸರ್ಟಿಫಿಕೇಟು ಹಿಡಿದು ತಾಲ್ಲೂಕು ಕಚೇರಿಯಲ್ಲಿ ನಿಂತವರಿಗೆ ಇದನ್ನು ವಿವರಿಸಬೇಕಿಲ್ಲ. ಅವಮಾನದ ಹೆಸರನ್ನೇ ಹಿಡಿದು ಅನ್ನ ಕೇಳುವುದು ನಮಗೆ ಹೊಸದೇ?

ಹೋದ ತಿಂಗಳು ಆಸ್ಪತ್ರೆಗೆ ಮೂರನೇ ಸಲ ಹೋಗಿದ್ದೆವು. ಹುಡುಗ ಎಷ್ಟನೇ ತಿಂಗಳಿಗೆ ಕಣ್ಣಲ್ಲಿ ಕಣ್ಣಿಟ್ಟು ನೋಡಿದ, ಮೊದಲ ಮಾತು ಯಾವಾಗ ಆಡಿದ ಎಂದು ಅಕ್ಕನನ್ನು ಕೇಳಿದರು. "ಕೂಲಿಗೆ ಹೋಗ್ತಿದ್ದೆ ಸ್ವಾಮಿ. ಮಗು ಅಜ್ಜಿ ಹತ್ರ ಇರ್ತಿತ್ತು. ಅಜ್ಜಿ ತೀರ್ಕೊಂಡ್ರು" ಅಂದಳು. ಡಾಕ್ಟರು ಆ ಸಾಲುಗಳನ್ನು ಖಾಲಿ ಬಿಟ್ಟು, ಶಾಲೆಯಿಂದ ಏನಾದರೂ ಬರೆಸಿಕೊಂಡು ಬನ್ನಿ ಎಂದರು. ಹಿಂದಿನ ಸಾಲಿನಲ್ಲಿ ಕೂರಿಸಿದ್ದ ಆ ಮೇಷ್ಟ್ರು ನಿವೃತ್ತರಾಗಿ ಊರಲ್ಲೇ ಇದ್ದಾರೆ. ಭಾನುವಾರ ಅವರ ಮನೆಗೆ ಹೋಗಬೇಕು, ನಾನೂ ಅಕ್ಕನೂ.